ಎರಡು ರಾತ್ರಿಯ ರೈಲು



ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಹೋದರೆ ಮೂರು ಗಂಟೆಯೊಳಗಿನ ಹಾದಿ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಹೋದರೆ ಎರಡು ರಾತ್ರಿ, ನಡುವೆ ಒಂದು ಇಡೀ ಹಗಲು. ಸುಮಾರು 2400 ಕಿಲೋಮೀಟರ್. ಸಂಜೆ ಏಳರ ಆಸುಪಾಸಿಗೆ ಸಂಗೊಳ್ಳಿ ರಾಯಣ್ಣ ನಿಲ್ದಾಣ ಬಿಟ್ಟ ಗಾಡಿ ಮೂರನೆಯ ದಿನ ಹೊತ್ತೇರಿದ ಮೇಲೆ ದೆಹಲಿ ಮುಟ್ಟುತ್ತದೆ. ಆದರೂ ಆ ಗಾಡಿ ಖಾಲಿ ಹೋಗುವುದನ್ನು ನಾನಂತೂ ನೋಡಿಲ್ಲ. ಮಗನ ಮನೆಗೆ ಹೋಗುವ ಅಪ್ಪ ಅಮ್ಮ, ರಜೆ ಮುಗಿಸಿ ಹೊರಟ ಸೈನಿಕರು, ಪರೀಕ್ಷೆಗೆ ಹೋಗುವ ಹುಡುಗರು, ಹರಿದ್ವಾರಕ್ಕೋ ಬದರಿಗೋ ಹೊರಟ ಗುಂಪು, ಎಲ್ಲರೂ ಅದರಲ್ಲೇ.

ಹೀಗೆ ಹೊರಡುವವರ ಮನೆಯಲ್ಲಿ ನಡೆಯುವ ಮಾತುಕತೆ ಕೇಳಿ ನೋಡಿ. ಅಲ್ಲಿ ಹೋಗಿ ಏನೇನು ನೋಡಬೇಕು, ಯಾವ ಸ್ವೆಟರ್ ಬೇಕು, ದಾರಿಗೆ ಚಪಾತಿ ಎಷ್ಟು. ಎಲ್ಲವೂ ಹಗಲಿನ ವಿಚಾರವೇ. ಹಗಲು ಹೇಗೋ ಕಳೆಯುತ್ತದೆ. ಕಿಟಕಿ ಇದೆ, ಎದುರಿಗೆ ಕೂತವರ ಸಂಸಾರದ ಕಥೆ ಇದೆ, ಹತ್ತು ನಿಮಿಷಕ್ಕೊಮ್ಮೆ ಚಾಯ್ ಚಾಯ್ ಅಂತ ಬರುವವನಿದ್ದಾನೆ. ದೂರದ ರೈಲು ಪ್ರಯಾಣದಲ್ಲಿ ಮೊದಲೇ ಯೋಚಿಸಬೇಕಾದ್ದು ರಾತ್ರಿಗಳನ್ನು. ರಾತ್ರಿ ಹನ್ನೆರಡಕ್ಕೆ ಗಾಡಿ ಎಲ್ಲಿರುತ್ತದೆ, ಇಳಿಯುವುದು ಎಷ್ಟು ಹೊತ್ತಿಗೆ, ಮನೆಯವರಲ್ಲಿ ಯಾರು ಕೆಳಗೆ ಮಲಗುತ್ತಾರೆ, ಯಾರು ಮೇಲೆ ಹತ್ತುತ್ತಾರೆ. ಇಷ್ಟು ತೀರ್ಮಾನವಾದರೆ ಯಾವ ಗಾಡಿ, ಯಾವ ದರ್ಜೆ, ಯಾವ ದಿನ ಟಿಕೆಟ್ ತೆಗೆಸಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ನಾನು ಇವತ್ತು ಹೇಳಹೊರಟಿರುವುದು ಈ ರಾತ್ರಿಗಳ ಲೆಕ್ಕವನ್ನೇ.

ಮೊದಲು ಗಾಡಿಯನ್ನು ಆರಿಸೋಣ. ಬೆಂಗಳೂರಿನಿಂದ ದೆಹಲಿಗೆ ಒಂದೇ ಗಾಡಿಯಲ್ಲ. ರಾಯಣ್ಣ ನಿಲ್ದಾಣದಿಂದ ರಾಜಧಾನಿ ಇದೆ. ಅದು ಹೊರಡುವುದೂ ಸಂಜೆಯ ಮೇಲೆಯೇ, ಆದರೆ ನಿಲ್ದಾಣಗಳು ಕಡಿಮೆ, ಬೇಗ ತಲುಪುತ್ತದೆ. ಎಷ್ಟು ಬೇಗ ಅಂದರೆ ಹಜರತ್ ನಿಜಾಮುದ್ದೀನಿನಲ್ಲಿ ನಿಮ್ಮನ್ನು ಬೆಳಗಿನ ಜಾವಕ್ಕೇ ಇಳಿಸಿಬಿಡುತ್ತದೆ. ಯಶವಂತಪುರದಿಂದ ಸಂಪರ್ಕ ಕ್ರಾಂತಿ ಇದೆ. ಹಣ ಹೆಚ್ಚು ಕೊಟ್ಟು ಹತ್ತಿದ ಗಾಡಿ ಬೇಗ ಹೋಗುವುದು ಒಳ್ಳೆಯದೇ. ಆದರೆ ಜನವರಿಯ ದೆಹಲಿಯಲ್ಲಿ, ಮಂಜು ಕವಿದ ಕತ್ತಲಲ್ಲಿ, ಮೊದಲ ಸಲ ಹೋದ ವಯಸ್ಸಾದ ದಂಪತಿ ಆಟೋದವನ ಜೊತೆ ಚೌಕಾಸಿ ಮಾಡುತ್ತ ನಿಲ್ಲುವುದಕ್ಕಿಂತ, ನಿಧಾನದ ಗಾಡಿಯಲ್ಲಿ ಹೋಗಿ ಬಿಸಿಲು ಬಿದ್ದ ಮೇಲೆ ಇಳಿಯುವುದು ವಾಸಿ ಅಂತ ನನ್ನ ಲೆಕ್ಕ. ಚಳಿಗಾಲದಲ್ಲಿ ಉತ್ತರದ ಗಾಡಿಗಳೆಲ್ಲ ಮಂಜಿನಿಂದ ತಡವಾಗುತ್ತವೆ, ಕೆಲವು ಸಲ ಗಂಟೆಗಟ್ಟಲೆ. ಹಾಗಾಗಿ ಡಿಸೆಂಬರ್, ಜನವರಿಯಲ್ಲಿ ಹೋಗುವವರು ದೆಹಲಿಯಲ್ಲಿ ಇಳಿದ ದಿನವೇ ಇನ್ನೊಂದು ಗಾಡಿ ಹಿಡಿಯುವ ಸಾಹಸ ಮಾಡಬೇಡಿ.

ನಿಲ್ದಾಣದ ಹೆಸರನ್ನೂ ಸರಿಯಾಗಿ ನೋಡಿಕೊಳ್ಳಿ. ಬೆಂಗಳೂರಿನಲ್ಲಿ ದೂರದ ಗಾಡಿಗಳು ಈಗ ಮೂರು ಕಡೆಯಿಂದ ಹೊರಡುತ್ತವೆ. ಮೆಜೆಸ್ಟಿಕ್ ಅಂತ ನಾವು ಕರೆಯುವ ರಾಯಣ್ಣ ನಿಲ್ದಾಣ, ಯಶವಂತಪುರ, ಮತ್ತೆ 2022ರಲ್ಲಿ ಶುರುವಾದ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್. ಒಂದರಿಂದ ಇನ್ನೊಂದಕ್ಕೆ ಸಂಜೆಯ ಟ್ರಾಫಿಕ್ಕಿನಲ್ಲಿ ಹೋಗುವುದು ಎಂಥ ಪಾಡು ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ದೆಹಲಿಯಲ್ಲೂ ಹಾಗೇ: ನ್ಯೂಡೆಲ್ಲಿ ಬೇರೆ, ಹಳೇ ದೆಹಲಿ ಬೇರೆ, ನಿಜಾಮುದ್ದೀನ್ ಬೇರೆ, ಆನಂದ ವಿಹಾರ ಬೇರೆ.

ಗಾಡಿಯ ನಂಬರಿಗೂ ಒಂದು ಗುಟ್ಟಿದೆ. 2010ರ ಡಿಸೆಂಬರಿನಿಂದ ಎಲ್ಲ ಗಾಡಿಗಳಿಗೂ ಐದು ಅಂಕಿ. ಮೊದಲ ಅಂಕಿ ಸೊನ್ನೆಯಾಗಿದ್ದರೆ ಅದು ಸ್ಪೆಷಲ್ ಗಾಡಿ. ಹಬ್ಬಕ್ಕೋ ಬೇಸಿಗೆ ರಜೆಗೋ ಬಿಟ್ಟದ್ದು. ಅದರಲ್ಲಿ ಜಾಗ ಸುಲಭವಾಗಿ ಸಿಗುತ್ತದೆ, ನಿಜ. ದರ ಸಾಮಾನ್ಯವಾಗಿ ಹೆಚ್ಚಿರುತ್ತದೆ, ದಾರಿಯಲ್ಲಿ ಕಾಯುವ ಸರದಿಯೂ ಅದರದ್ದೇ. ಬೇರೆ ದಾರಿ ಇಲ್ಲದಾಗ ಮಾತ್ರ ಅದು.

ಇನ್ನು ನಡುರಾತ್ರಿಯ ದಿನಾಂಕ. ಇದರಲ್ಲಿ ಓದಿದವರೇ ಹೆಚ್ಚು ಎಡವುತ್ತಾರೆ. ಕರ್ನಾಟಕ ಎಕ್ಸ್‌ಪ್ರೆಸ್ 29ನೇ ತಾರೀಕು ಸಂಜೆ ಬೆಂಗಳೂರು ಬಿಟ್ಟರೆ ರಾಯಚೂರಿಗೆ ಬರುವಷ್ಟರಲ್ಲಿ ಮಧ್ಯರಾತ್ರಿ ದಾಟಿರುತ್ತದೆ. ಅಂದರೆ ರಾಯಚೂರಿನಲ್ಲಿ ಹತ್ತುವವರ ಟಿಕೆಟ್ಟಿನ ಮೇಲೆ 30 ಅಂತ ಇರಬೇಕು. ‘29ರ ರಾತ್ರಿ ಊಟ ಮಾಡಿಕೊಂಡು ಹೊರಡೋಣ’ ಅನ್ನುವ ಮಾತಿನ ಗುಂಗಿನಲ್ಲಿ 29ಕ್ಕೇ ಟಿಕೆಟ್ ತೆಗೆಸಿದರೆ ನಿಮ್ಮ ಗಾಡಿ ಹಿಂದಿನ ರಾತ್ರಿಯೇ ಹೊರಟುಹೋಗಿರುತ್ತದೆ. ಕಲಬುರಗಿಗೆ ಬೆಳಕು ಹರಿಯುವ ಮುಂಚೆ ಬರುವ ಗಾಡಿ ಅದು. ಅಲ್ಲಿಯವರಿಗೂ ಇದೇ ಲೆಕ್ಕ.

ಸರಿ, ಗಾಡಿ ಗೊತ್ತಾಯಿತು. ಮಲಗುವುದು ಯಾವ ಬೋಗಿಯಲ್ಲಿ?

ಸ್ಲೀಪರ್ ಅಂದಾಕ್ಷಣ ಮೂಗು ಮುರಿಯುವವರಿಗೆ ಒಂದು ಹಳೆಯ ಸಂಗತಿ ನೆನಪು ಮಾಡುತ್ತೇನೆ. ಒಂದು ಕಾಲದಲ್ಲಿ ಎರಡನೆಯ ದರ್ಜೆಯಲ್ಲಿ ಮಲಗುವ ಹಲಗೆ ನಿಜಕ್ಕೂ ಹಲಗೆಯೇ. ಮರದ ಪಟ್ಟಿಗಳ ಮೇಲೆ ಜಮಖಾನ ಹಾಸಿಕೊಂಡು, ಬೆಳಗ್ಗೆ ಎದ್ದಾಗ ಬೆನ್ನ ಮೇಲೆ ಬರೆ ಮೂಡಿಸಿಕೊಂಡು ಜನ ಪ್ರಯಾಣ ಮಾಡುತ್ತಿದ್ದರು. 1977ರಿಂದ 79ರವರೆಗೆ ರೈಲ್ವೆ ಮಂತ್ರಿಯಾಗಿದ್ದ ಮಧು ದಂಡವತೆ ಆ ಹಲಗೆಗಳ ಮೇಲೆ ಎರಡು ಅಂಗುಲದ ಫೋಮ್ ಹಾಕಿಸಿದರು. ಬರೀ ಎರಡು ಅಂಗುಲ. ರೈಲ್ವೆಯಲ್ಲಿ ಎಷ್ಟೋ ಮಂತ್ರಿಗಳು ಎಷ್ಟೋ ದೊಡ್ಡ ದೊಡ್ಡ ಯೋಜನೆ ಘೋಷಿಸಿದ್ದಾರೆ. ಬಡವನ ಬೆನ್ನಿಗೆ ನೇರವಾಗಿ ತಾಗಿದ ಸುಧಾರಣೆ ಇದರಷ್ಟು ಇನ್ನೊಂದಿಲ್ಲ ಅಂತ ನನಗೆ ಅನ್ನಿಸುತ್ತದೆ.

ಸ್ಲೀಪರಿಗೂ ತ್ರೀ ಟಿಯರ್ ಎಸಿಗೂ ದರದಲ್ಲಿ ಎರಡೂವರೆ ಪಟ್ಟಿನ ಆಸುಪಾಸು ವ್ಯತ್ಯಾಸ. ನಾಲ್ಕು ಜನರ ಸಂಸಾರಕ್ಕೆ ಹೋಗಿ ಬರುವ ಲೆಕ್ಕ ಹಾಕಿದರೆ ಸಣ್ಣ ಮೊತ್ತವಲ್ಲ. ಯಾವುದು ಬೇಕು ಅನ್ನುವುದನ್ನು ತಿಂಗಳು ನೋಡಿ ತೀರ್ಮಾನಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಸೋಲಾಪುರ ದಾಟಿ ಭುಸಾವಳದ ಕಡೆ ಹೋಗುವಾಗ ಕಿಟಕಿಯಿಂದ ಬರುವುದು ಗಾಳಿಯಲ್ಲ, ಝಳ. ಮಕ್ಕಳೂ ಮುದುಕರೂ ಇದ್ದರೆ ಆ ಹಗಲಿಗಾಗಿ ಎಸಿ ಬೇಕು. ಜನವರಿಯಲ್ಲಿ ಭೋಪಾಲ್ ದಾಟಿದ ಮೇಲೆ ಸ್ಲೀಪರಿನ ಕಿಟಕಿ ಸಂದಿಯಿಂದ ಬರುವ ಚಳಿಗೆ ಎರಡು ಕಂಬಳಿಯೂ ಸಾಲುವುದಿಲ್ಲ. ಎಸಿಯಲ್ಲಿ ಹೊದಿಕೆ, ದಿಂಬು, ಹಾಸು ಅವರೇ ಕೊಡುತ್ತಾರೆ; ಸ್ಲೀಪರಿನಲ್ಲಿ ಎಲ್ಲ ನಿಮ್ಮದೇ ಅಂದುಕೊಂಡು ಹೊರಡಿ. ಆಗಸ್ಟ್, ಸೆಪ್ಟೆಂಬರಿನಲ್ಲಿ, ಮಳೆ ಬಿದ್ದು ಹೊಲಗಳು ಹಸಿರಾದಾಗ, ಸ್ಲೀಪರಿನ ಕಿಟಕಿಯ ಮುಂದೆ ಎಸಿಯ ಕಂದು ಗಾಜು ಏನೂ ಅಲ್ಲ.

ಈಗ ಬರ್ತಿನ ವಿಚಾರ. ಸ್ಲೀಪರಿರಲಿ, ತ್ರೀ ಟಿಯರ್ ಎಸಿಯಿರಲಿ, ಎಂಟೆಂಟು ಬರ್ತಿಗೆ ಒಂದು ಖಾನೆ. ಹಳೆಯ ಸ್ಲೀಪರ್ ಬೋಗಿಯಲ್ಲಿ 72, ಈಗಿನ ಎಲ್‌ಎಚ್‌ಬಿ ಬೋಗಿಯಲ್ಲಿ 80. ನಿಮ್ಮ ನಂಬರನ್ನು ಎಂಟರಿಂದ ಭಾಗಿಸಿ, ಉಳಿದದ್ದನ್ನು ನೋಡಿ. ಒಂದು ಅಥವಾ ನಾಲ್ಕು ಉಳಿದರೆ ಕೆಳಗಿನದು, ಎರಡು ಅಥವಾ ಐದು ಉಳಿದರೆ ನಡುವಿನದು, ಮೂರು ಅಥವಾ ಆರು ಉಳಿದರೆ ಮೇಲಿನದು, ಏಳು ಉಳಿದರೆ ಸೈಡ್ ಲೋಯರ್, ಏನೂ ಉಳಿಯದಿದ್ದರೆ ಸೈಡ್ ಅಪ್ಪರ್. 43 ಬಂತು ಅನ್ನಿ, ಐದೆಂಟಲೆ ನಲವತ್ತು, ಉಳಿದದ್ದು ಮೂರು, ಅಪ್ಪರ್. ಮೊದಲ ಎಂಟೂ ಕೊನೆಯ ಎಂಟೂ ಬಾಗಿಲಿನ ಪಕ್ಕ. ರಾತ್ರಿಯಿಡೀ ಬಾಗಿಲು ಬಡಿಯುವ ಸದ್ದು, ಶೌಚಾಲಯಕ್ಕೆ ಹೋಗಿ ಬರುವವರ ಓಡಾಟ. ಮೂವತ್ತು ನಲವತ್ತರ ನಡುವಿನ ನಂಬರ್ ಸಿಕ್ಕಿದರೆ ಪುಣ್ಯ. ಬಸ್ಸಿನಲ್ಲಿ ಸೀಟಿನ ಚಿತ್ರ ತೋರಿಸಿ ಆರಿಸಿಕೊಳ್ಳಿ ಅನ್ನುತ್ತಾರಲ್ಲ, ರೈಲಿನಲ್ಲಿ ಆ ಸೌಲಭ್ಯ ಇಲ್ಲ. ನಿಮ್ಮ ಇಷ್ಟ ಹೇಳಬಹುದು, ಕೊಡುವುದು ಕಂಪ್ಯೂಟರ್.

ಕೆಳಗಿನ ಬರ್ತಿನವರಿಗೆ ಹಗಲು ಹೊತ್ತು ತಮ್ಮ ಬರ್ತಿನ ಮೇಲೆ ಪೂರ್ತಿ ಹಕ್ಕಿಲ್ಲ ಅನ್ನುವುದು ಗೊತ್ತಿರಲಿ. ನಿಯಮದ ಪ್ರಕಾರ ಮಲಗುವ ಹೊತ್ತು ರಾತ್ರಿ ಹತ್ತರಿಂದ ಬೆಳಗ್ಗೆ ಆರು. ನಡುವಿನ ಬರ್ತನ್ನು ಎತ್ತಿ ಸರಪಳಿಗೆ ಸಿಕ್ಕಿಸುವುದು ಆ ಹೊತ್ತಿನಲ್ಲಿ ಮಾತ್ರ. ಉಳಿದ ಹೊತ್ತು ಮೂವರೂ ಕೆಳಗೆ ಕೂರಬೇಕು. ಎಂಟಕ್ಕೇ ಊಟ ಮುಗಿಸಿ ನಡುವಿನ ಬರ್ತ್ ಎತ್ತುವವರೂ ಇದ್ದಾರೆ, ಒಂಬತ್ತಾದರೂ ಏಳದವರೂ ಇದ್ದಾರೆ. ಇಬ್ಬರಿಗೂ ಕಾನೂನು ತೋರಿಸಬಹುದು. ಆದರೆ ‘ಅಣ್ಣಾ, ಅಮ್ಮಂಗೆ ಸೊಂಟ ನೋವು, ಸ್ವಲ್ಪ ಕೂತ್ಕೋಬೇಕು’ ಅಂದರೆ ಕೆಲಸ ಬೇಗ ಆಗುತ್ತದೆ.

ವಯಸ್ಸಾದವರಿಗೆ ಕೆಳಗಿನ ಬರ್ತ್ ಕೊಡಿಸುವ ಬಗ್ಗೆ ಹೆಚ್ಚಿನವರಿಗೆ ತಿಳಿಯದ ಒಂದು ಸೂಕ್ಷ್ಮ ಇದೆ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ, ಗರ್ಭಿಣಿಯರಿಗೆ ಅಂತ ಪ್ರತಿ ಸ್ಲೀಪರ್ ಬೋಗಿಯಲ್ಲಿ ಆರೇಳು ಕೆಳ ಬರ್ತುಗಳನ್ನು ತೆಗೆದಿಟ್ಟಿರುತ್ತಾರೆ. ಈ ಕೋಟಾ ಸಿಗುವುದು ಅಂಥವರು ಒಬ್ಬರೇ ಅಥವಾ ಇಬ್ಬರೇ ಒಂದು ಟಿಕೆಟ್ಟಿನಲ್ಲಿ ಇದ್ದಾಗ. ಮಗ ಸೊಸೆ ಮೊಮ್ಮಗ ಅಂತ ಎಲ್ಲರನ್ನೂ ಒಂದೇ ಟಿಕೆಟ್ಟಿಗೆ ಸೇರಿಸಿದಿರೋ, ಕೋಟಾ ಹೋಯಿತು. ಆಗ ಕಂಪ್ಯೂಟರಿನ ದಯೆ ಇದ್ದಷ್ಟು. ಹಾಗಾಗಿ ಅಪ್ಪ ಅಮ್ಮನಿಗೆ ಬೇರೆ ಟಿಕೆಟ್ ತೆಗೆಸಿ. ಅವರಿಗೆ ಯಾವ ಬೋಗಿ ಬಂತು ನೋಡಿಕೊಂಡು, ನಿಮ್ಮ ಟಿಕೆಟ್ ತೆಗೆಸುವಾಗ ಅದೇ ಬೋಗಿಯ ನಂಬರನ್ನು ‘ಬೇಕಾದ ಕೋಚ್’ ಅನ್ನುವ ಜಾಗದಲ್ಲಿ ಹಾಕಿ. ಸಿಕ್ಕರೆ ಒಂದೇ ಬೋಗಿ. ಸಿಗದಿದ್ದರೂ ನಡೆದು ಹೋಗುವಷ್ಟು ದೂರ. ಹಿರಿಯರಿಗೆ ದರದಲ್ಲಿ ಇದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತುಹೋಯಿತು. ಬರ್ತಿನ ಈ ಅನುಕೂಲ ಮಾತ್ರ ಉಳಿದಿದೆ. ಉಳಿದದ್ದನ್ನಾದರೂ ಬಳಸಿಕೊಳ್ಳೋಣ.

ಇನ್ನು ಟಿಕೆಟ್ ತೆಗೆಸುವ ಬೆಳಗ್ಗೆ.

ಮೊದಲು ನಾಲ್ಕು ತಿಂಗಳ ಮುಂಚೆಯೇ ರಿಸರ್ವೇಷನ್ ಮಾಡಿಸಬಹುದಿತ್ತು. 2024ರ ನವೆಂಬರ್ 1ರಿಂದ ಅದನ್ನು 60 ದಿನಕ್ಕೆ ಇಳಿಸಿದ್ದಾರೆ. ಪ್ರಯಾಣದ ದಿನವನ್ನು ಬಿಟ್ಟು 60. ಅಂದರೆ ನವೆಂಬರ್ 30ಕ್ಕೆ ಬೆಂಗಳೂರಿನಿಂದ ಹೊರಡುವವರಿಗೆ ಅಕ್ಟೋಬರ್ 1ರ ಬೆಳಗ್ಗೆ ಎಂಟಕ್ಕೆ ಬಾಗಿಲು ತೆರೆಯುತ್ತದೆ. ಈ ಲೆಕ್ಕ ಗಾಡಿ ಹೊರಡುವ ಊರಿನ ದಿನಾಂಕದ ಮೇಲೆ. ರಾಯಚೂರಿನಲ್ಲಿ 30ರ ನಸುಕಿಗೆ ಹತ್ತುವವರ ಗಾಡಿ ಬೆಂಗಳೂರು ಬಿಟ್ಟದ್ದು 29ಕ್ಕೆ. ಹಾಗಾಗಿ ಅವರಿಗೆ ಸೆಪ್ಟೆಂಬರ್ 30ಕ್ಕೇ ಬುಕಿಂಗ್ ಶುರು. ಅಕ್ಟೋಬರ್ 1ರವರೆಗೆ ಕಾದು ಕೂತರೆ ಒಂದು ದಿನ ಹಿಂದೆ ಬಿದ್ದಂತೆ.

ರೈಲ್ವೆ ಟಿಕೆಟ್ ಇಂಟರ್ನೆಟ್ಟಿನಲ್ಲಿ ಸಿಗತೊಡಗಿದ್ದು 2002ರ ಆಗಸ್ಟಿನಲ್ಲಿ. ಆಗ ಮಾಡಿಸಿದ ಟಿಕೆಟ್ ಕಾಗದದ ರೂಪದಲ್ಲಿ ಕೊರಿಯರಿನಲ್ಲಿ ಮನೆಗೆ ಬರುತ್ತಿತ್ತು! ಈಗ ಫೋನಿನಲ್ಲೇ ಎಲ್ಲ. ಆದರೆ ಎಂಟು ಗಂಟೆಗೆ ಸರಿಯಾಗಿ ದೇಶದ ಅರ್ಧ ಜನ ಅದೇ ಕೆಲಸಕ್ಕೆ ಕೂತಿರುತ್ತಾರೇನೋ ಅನ್ನಿಸುತ್ತದೆ. ಹೆಸರು, ವಯಸ್ಸು ಎಲ್ಲವನ್ನೂ ಆಗ ಟೈಪ್ ಮಾಡುತ್ತ ಕೂರಬಾರದು. ಐಆರ್‌ಸಿಟಿಸಿಯ ಖಾತೆಯಲ್ಲಿ ‘ಮಾಸ್ಟರ್ ಲಿಸ್ಟ್’ ಅಂತ ಇದೆ. ಹಿಂದಿನ ದಿನವೇ ಮನೆಯವರ ವಿವರವನ್ನೆಲ್ಲ ಅದರಲ್ಲಿ ತುಂಬಿಟ್ಟರೆ ಆಮೇಲೆ ಬರೀ ಗುರುತು ಹಾಕುವ ಕೆಲಸ. ಖಾತೆಗೆ ಆಧಾರ್ ಜೋಡಿಸುವುದನ್ನೂ ವಾರದ ಮುಂಚೆಯೇ ಮುಗಿಸಿ. 2025ರ ಅಕ್ಟೋಬರಿನಿಂದ ಬುಕಿಂಗ್ ತೆರೆದ ಮೊದಲ ಹೊತ್ತಿನಲ್ಲಿ ಆಧಾರ್ ದೃಢೀಕರಿಸಿದವರಿಗಷ್ಟೇ ಪ್ರವೇಶ. ಒಂದು ಟಿಕೆಟ್ಟಿನಲ್ಲಿ ಆರು ಜನ, ಅದಕ್ಕಿಂತ ಹೆಚ್ಚಿಲ್ಲ.

ಹೆಸರು ತುಂಬಿದ ಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದಷ್ಟು ಚೌಕಗಳಿರುತ್ತವೆ. ಅವಸರದಲ್ಲಿ ಯಾರೂ ನೋಡುವುದಿಲ್ಲ, ಮುಖ್ಯವಾದದ್ದೆಲ್ಲ ಇರುವುದು ಅಲ್ಲೇ. ಖಾತರಿ ಬರ್ತ್ ಸಿಕ್ಕಿದರೆ ಮಾತ್ರ ಟಿಕೆಟ್ ಕೊಡು, ಅಂತ ಒಂದು. ಎಲ್ಲರಿಗೂ ಒಂದೇ ಬೋಗಿಯಲ್ಲಿ ಸಿಕ್ಕಿದರೆ ಮಾತ್ರ, ಅಂತ ಒಂದು. ಕಡೇ ಪಕ್ಷ ಒಂದು ಲೋಯರ್ ಬರ್ತಾದರೂ ಸಿಕ್ಕಿದರೆ ಮಾತ್ರ, ಅಂತ ಮತ್ತೊಂದು. ಮಂಡಿ ನೋವಿನ ಅಜ್ಜಿ ಜೊತೆಗಿದ್ದರೆ ಈ ಕೊನೆಯದಕ್ಕೆ ಗುರುತು ಹಾಕಿ. ಸಿಗದಿದ್ದರೆ ಟಿಕೆಟ್ಟೇ ಆಗುವುದಿಲ್ಲ, ಆಗ ಇನ್ನೊಂದು ಗಾಡಿ ನೋಡಬಹುದು. ‘ಆಟೋ ಅಪ್‌ಗ್ರೇಡ್’ ಅನ್ನುವ ಚೌಕ ನೋಡಿದರೆ ಆಸೆಯಾಗುತ್ತದೆ. ಮೇಲಿನ ದರ್ಜೆಯಲ್ಲಿ ಜಾಗ ಉಳಿದಿದ್ದರೆ ಹೆಚ್ಚು ಹಣವಿಲ್ಲದೆ ಅಲ್ಲಿಗೆ ಏರಿಸುತ್ತಾರೆ. ಒಂಟಿ ಹುಡುಗರಿಗೆ ಲಾಭ. ಲೋಯರ್ ಬರ್ತ್ ಸಿಕ್ಕ ಹಿರಿಯರು ಮಾತ್ರ ಅದನ್ನು ಬಿಟ್ಟುಬಿಡಲಿ. ಎಸಿ ಸಿಗುತ್ತದೆ, ಆದರೆ ಕೆಳಗಿನ ಬರ್ತೇ ಸಿಗುತ್ತದೆ ಅನ್ನುವ ಖಾತರಿ ಇಲ್ಲ. ಒಬ್ಬರಿಗೆ 45 ಪೈಸೆಯ ವಿಮೆಯೂ ಅಲ್ಲೇ ಇದೆ. ಅಪಘಾತದಲ್ಲಿ ಸಾವಾದರೆ ಹತ್ತು ಲಕ್ಷ. ತೆಗೆದುಕೊಳ್ಳಿ, ವಾರಸುದಾರರ ಹೆಸರನ್ನು ಮಾತ್ರ ಮರೆಯದೆ ತುಂಬಿ.

ಕೌಂಟರಿಗೇ ಹೋಗುತ್ತೇನೆ ಅನ್ನುವವರಿಗೆ ನನ್ನ ವಿರೋಧವಿಲ್ಲ. ಫಾರಂ ತುಂಬುವಾಗ ಹೆಸರನ್ನು ಗುರುತಿನ ಚೀಟಿಯಲ್ಲಿ ಇರುವ ಹಾಗೇ ಬರೆಯಿರಿ, ಹಿರಿಯರ ವಯಸ್ಸನ್ನು ನಾಚಿಕೆಯಿಲ್ಲದೆ ಸರಿಯಾಗಿ ಬರೆಯಿರಿ, ಬರ್ತಿನ ಕಾಲಂ ಖಾಲಿ ಬಿಡಬೇಡಿ. ಸರದಿ ಬಂದಾಗ ‘ಸಾರ್, ಇದರಲ್ಲಿ ಇಲ್ಲ ಅಂದ್ರೆ ಯಾವುದ್ರಲ್ಲಿ ಇದೆ?’ ಅಂತ ಕೇಳುತ್ತ ನಿಂತರೆ ಹಿಂದಿನವರು ಶಾಪ ಹಾಕುತ್ತಾರೆ. ಎರಡನೆಯ ಗಾಡಿ, ಎರಡನೆಯ ದಿನಾಂಕವನ್ನು ಮನೆಯಲ್ಲೇ ನಿರ್ಧರಿಸಿ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಖಾತರಿ ಸಿಗಲಿಲ್ಲ, ವೇಟಿಂಗ್ ಲಿಸ್ಟ್ ಬಂತು ಅನ್ನೋಣ. ಅದರಲ್ಲೂ ಜಾತಿಗಳಿವೆ. ಜಿಎನ್‌ಡಬ್ಲ್ಯುಎಲ್ ಅಂದರೆ ಗಾಡಿ ಹೊರಡುವ ಊರಿನಿಂದ ಅಥವಾ ಅದರ ಹತ್ತಿರದಿಂದ ಪೂರ್ತಿ ದೂರ ಹೋಗುವವರ ಪಟ್ಟಿ. ಬೇಗ ಕರಗುವುದು ಇದೇ. ಆರ್‌ಎಲ್‌ಡಬ್ಲ್ಯುಎಲ್, ಪಿಕ್ಯುಡಬ್ಲ್ಯುಎಲ್ ಅನ್ನುವವು ನಡುವಿನ ಊರುಗಳ ಸಣ್ಣ ಕೋಟಾಗಳಿಗೆ ಸೇರಿದ್ದು. ಇವು ಕರಗುವುದು ನಿಧಾನ, ಬಹಳ ಸಲ ಕರಗುವುದೇ ಇಲ್ಲ. ಪಟ್ಟಿಯಲ್ಲಿ 34/12 ಅಂತ ಇದ್ದರೆ ಟಿಕೆಟ್ ತೆಗೆಸಿದಾಗ ಇದ್ದದ್ದು 34, ಈಗ ಇರುವುದು 12. ಆರ್‌ಎಸಿ ಬಂದರೆ ಗಾಡಿ ಹತ್ತಬಹುದು. ಆದರೆ ಒಂದು ಸೈಡ್ ಲೋಯರಿನಲ್ಲಿ ಇಬ್ಬರು ಎದುರುಬದುರು ಕೂರಬೇಕು. ಪೂರ್ತಿ ಹಣ, ಅರ್ಧ ಬರ್ತ್. ಒಂದು ರಾತ್ರಿಯ ಹಾದಿಗೆ ಹೇಗೋ ಆದೀತು. ಎರಡು ರಾತ್ರಿಗೆ, ಅದೂ ಅರವತ್ತು ದಾಟಿದವರಿಗೆ, ಬೇಡ. ಬರೀ ವೇಟಿಂಗ್ ಲಿಸ್ಟಿನಲ್ಲೇ ಉಳಿದರೆ ಹತ್ತುವಂತೆಯೇ ಇಲ್ಲ. ಆನ್‌ಲೈನ್ ಟಿಕೆಟ್ಟಾದರೆ ಚಾರ್ಟ್ ಆದ ಮೇಲೆ ತಾನಾಗಿ ರದ್ದಾಗಿ ಹಣ ಖಾತೆಗೆ ಬರುತ್ತದೆ. ಕೌಂಟರ್ ಟಿಕೆಟ್ಟಾದರೆ ನೀವೇ ಹೋಗಿ ರದ್ದು ಮಾಡಿಸಬೇಕು. ಇದನ್ನು ತಿಳಿಯದೆ ಹಣ ಕಳೆದುಕೊಂಡವರು ಕಡಿಮೆಯಿಲ್ಲ.

ಚಾರ್ಟ್ ಮೊದಲು ಗಾಡಿ ಹೊರಡುವ ನಾಲ್ಕು ಗಂಟೆ ಮುಂಚೆ ಆಗುತ್ತಿತ್ತು. 2025ರಲ್ಲಿ ಅದನ್ನು ಇನ್ನಷ್ಟು ಹಿಂದಕ್ಕೆ ತಂದಿದ್ದಾರೆ. ಹಾಸನದಿಂದಲೋ ಶಿವಮೊಗ್ಗದಿಂದಲೋ ಬೆಂಗಳೂರಿಗೆ ಬಂದು ಗಾಡಿ ಹಿಡಿಯುವವರಿಗೆ ಇದು ಉಪಕಾರವೇ. ಬಸ್ ಹತ್ತುವ ಮುಂಚೆಯೇ ಬರ್ತ್ ಆಯಿತೋ ಇಲ್ಲವೋ ಗೊತ್ತಾಗುತ್ತದೆ.

ತತ್ಕಾಲ್ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಹಿಂದಿನ ದಿನ ಹತ್ತು ಗಂಟೆಗೆ ಎಸಿ, ಹನ್ನೊಂದಕ್ಕೆ ಸ್ಲೀಪರ್. ಮೊದಲ ಅರ್ಧ ಗಂಟೆ ಏಜೆಂಟರಿಗೆ ಪ್ರವೇಶವಿಲ್ಲ. ಒಂದು ಟಿಕೆಟ್ಟಿಗೆ ನಾಲ್ಕೇ ಜನ. ಖಾತರಿಯಾದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಒಂದು ಬಿಡಿಗಾಸೂ ವಾಪಸ್ ಬರುವುದಿಲ್ಲ. ಸಾವು ನೋವು, ಆಸ್ಪತ್ರೆ, ಇಂಟರ್‌ವ್ಯೂ ಇಂಥದ್ದಕ್ಕೆ ಇರುವ ದಾರಿ ಅದು. ಸಂಸಾರ ಸಮೇತ ಹೋಗುವ ಪ್ರವಾಸವನ್ನು ತತ್ಕಾಲ್ ನಂಬಿ ಇಟ್ಟುಕೊಳ್ಳುವುದು ಜೂಜು.

ಹೊರಡುವವರಲ್ಲಿ ಒಬ್ಬರಿಗೆ ಕೊನೆಯಲ್ಲಿ ಆಗದೇ ಹೋದರೆ? ತಾರೀಕು ಹತ್ತಿರವಾದಷ್ಟೂ ರದ್ದತಿಗೆ ಮುರಿಯುವ ಹಣ ಹೆಚ್ಚು, ಆದ್ದರಿಂದ ತೀರ್ಮಾನವನ್ನು ಎಳೆಯಬೇಡಿ. ಅದಕ್ಕೂ ಮೊದಲು ಇನ್ನೊಂದು ದಾರಿ ನೋಡಿ. ಖಾತರಿ ಟಿಕೆಟ್ಟನ್ನು ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ, ಗಂಡ, ಹೆಂಡತಿ, ಮಕ್ಕಳು, ಇಷ್ಟರೊಳಗೆ ಒಬ್ಬರ ಹೆಸರಿಗೆ ಬದಲಾಯಿಸಿಕೊಳ್ಳಬಹುದು. ಗಾಡಿ ಹೊರಡುವ 24 ಗಂಟೆ ಮುಂಚೆ ರಿಸರ್ವೇಷನ್ ಕಚೇರಿಗೆ ಅರ್ಜಿ, ಸಂಬಂಧ ತೋರಿಸುವ ದಾಖಲೆ, ಎರಡೂ ಕೊಡಬೇಕು. ಅಪ್ಪನ ಬದಲು ಮಗ ಹೋಗಬಹುದು. ಭಾವಮೈದುನ ಹೋಗುವಂತಿಲ್ಲ.

ಬೆಂಗಳೂರಿನಲ್ಲಿ ಹತ್ತುತ್ತೇನೆ ಅಂದವರು ಹಿಂದೂಪುರದಲ್ಲಿ ಹತ್ತುವ ಹಾಗಾದರೆ ಚಾರ್ಟ್ ಆಗುವ ಮುಂಚೆ ‘ಬೋರ್ಡಿಂಗ್ ಸ್ಟೇಷನ್’ ಬದಲಾಯಿಸಿ. ಸುಮ್ಮನೆ ಮುಂದಿನ ನಿಲ್ದಾಣದಲ್ಲಿ ಹತ್ತಿದರಾಯಿತು ಅಂದುಕೊಂಡರೆ, ನಿಮ್ಮ ಜಾಗ ಖಾಲಿ ಕಂಡ ಟಿಟಿಇ ಅದನ್ನು ಆರ್‌ಎಸಿಯವರಿಗೆ ಕೊಟ್ಟಿರುತ್ತಾರೆ. ಕೈಯಲ್ಲಿರುವ ಸಣ್ಣ ಯಂತ್ರದಲ್ಲಿ ಅವರದು ಕ್ಷಣದ ಕೆಲಸ. ಅದಕ್ಕೆ ಅವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ.

ಗಾಡಿ ಹತ್ತಿದ ಮೇಲಿನ ಮಾತು ಎರಡೇ. ಸಾಮಾನು ಸ್ಲೀಪರಿನಲ್ಲೂ ತ್ರೀ ಟಿಯರಿನಲ್ಲೂ ತಲೆಗೆ 40 ಕಿಲೋವರೆಗೆ ಉಚಿತ. ನಲವತ್ತು ಕಿಲೋ ಹೊತ್ತುಕೊಂಡು ದೆಹಲಿಯ ಮೇಲ್ಸೇತುವೆ ಹತ್ತುವುದು ಬೇರೆ ಮಾತು. ಊಟಕ್ಕೆ ಮೊದಲ ರಾತ್ರಿ ಮನೆಯದ್ದು: ಪುಳಿಯೋಗರೆ, ಚಪಾತಿ, ಬಾಳೆಹಣ್ಣು. ಮಾರನೆಯ ದಿನಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗೆ ಸಮನಾದದ್ದಿಲ್ಲ. ಉತ್ತರ ಕರ್ನಾಟಕದವರ ಈ ಬುತ್ತಿಯನ್ನು ದಕ್ಷಿಣದವರೂ ಕಲಿಯಬೇಕು. ಕೆಡುವುದಿಲ್ಲ, ಸೋರುವುದಿಲ್ಲ. ಬಿಸಿಯೂಟವೇ ಬೇಕು ಅನ್ನುವವರು ಪಿಎನ್‌ಆರ್ ನಂಬರ್ ಹಾಕಿ ದೊಡ್ಡ ನಿಲ್ದಾಣಗಳಲ್ಲಿ ಸೀಟಿಗೇ ತರಿಸಿಕೊಳ್ಳುವ ವ್ಯವಸ್ಥೆ ಐಆರ್‌ಸಿಟಿಸಿಯಲ್ಲಿ ಇದೆ.

ನಡುರಾತ್ರಿ ಇಳಿಯಬೇಕಾದವರ ಕಷ್ಟ ಬೇರೆ. ಇದೇ ಗಾಡಿಯಲ್ಲಿ ಇಟಾರ್ಸಿಗೋ ಭೋಪಾಲಿಗೋ ಹೋಗುವವರು ಎರಡನೆಯ ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತಾರೆ. 139ಕ್ಕೆ ಫೋನ್ ಮಾಡಿ ಪಿಎನ್‌ಆರ್ ಕೊಟ್ಟು ‘ಡೆಸ್ಟಿನೇಷನ್ ಅಲರ್ಟ್’ ಹಾಕಿಸಿದರೆ ನಿಲ್ದಾಣ ಬರುವ ಮುಂಚೆ ಎಬ್ಬಿಸುತ್ತಾರೆ. ನಮ್ಮ ಬೆಂಗಳೂರಿನ ಹುಡುಗರು ಮಾಡಿ, 2018ರಲ್ಲಿ ಗೂಗಲ್ ಕೊಂಡುಕೊಂಡ ‘ವೇರ್ ಈಸ್ ಮೈ ಟ್ರೈನ್’ ಆ್ಯಪ್ ಇಂಟರ್ನೆಟ್ ಇಲ್ಲದ ಕಡೆಯೂ ಮೊಬೈಲ್ ಟವರ್ ಹಿಡಿದು ಗಾಡಿ ಎಲ್ಲಿದೆ ಅಂತ ಹೇಳುತ್ತದೆ. ಅಲಾರಂ ಕೂಡ ಇದೆ. ಎರಡನ್ನೂ ಇಟ್ಟುಕೊಂಡು ನೆಮ್ಮದಿಯಾಗಿ ಮಲಗಿ.

ದೆಹಲಿಯ ಮಾತೇ ಆಯಿತು, ನಮ್ಮ ಹಿರಿಯರಿಗೆ ದೂರದ ರೈಲು ಅಂದರೆ ಕಾಶಿ. ಕಾಶಿ, ಪ್ರಯಾಗ, ಗಯೆ ಮೂರೂ ಮಾಡಿಕೊಂಡು ಬರುವವರಿಗೆ ‘ಸರ್ಕ್ಯುಲರ್ ಜರ್ನಿ’ ಅನ್ನುವ ಹಳೆಯ ಟಿಕೆಟ್ ಒಂದಿದೆ. ಹೊರಟ ಊರಿಗೇ ವಾಪಸ್ ಬರುವಂತೆ ಸುತ್ತು ಹಾಕುವ ದಾರಿಯನ್ನು ಬರೆದುಕೊಟ್ಟರೆ ಒಟ್ಟು ದೂರಕ್ಕೆ ದರ ಕಟ್ಟುತ್ತಾರೆ. ದೂರ ಹೆಚ್ಚಿದಷ್ಟೂ ಕಿಲೋಮೀಟರಿನ ದರ ಇಳಿಯುವುದರಿಂದ ಬಿಡಿಬಿಡಿ ಟಿಕೆಟ್ಟಿಗಿಂತ ಅಗ್ಗ. ದಾರಿಯಲ್ಲಿ ಎಂಟು ಕಡೆ ಇಳಿದು ಹತ್ತಬಹುದು. ದೊಡ್ಡ ನಿಲ್ದಾಣದ ವಾಣಿಜ್ಯ ವಿಭಾಗದಲ್ಲಿ ವಿಚಾರಿಸಬೇಕು. ಆದರೆ ನೆನಪಿರಲಿ, ಅದು ಹೋಗುವ ಹಕ್ಕು ಮಾತ್ರ. ಒಂದೊಂದು ರಾತ್ರಿಯ ಬರ್ತನ್ನೂ ಬೇರೆಯಾಗಿ ಕಾಯ್ದಿರಿಸಬೇಕು. ಇದೆಲ್ಲ ರಗಳೆ ಅನ್ನುವವರಿಗೆ ಮುಜರಾಯಿ ಇಲಾಖೆಯ ಕಾಶಿ ದರ್ಶನದ ಭಾರತ್ ಗೌರವ್ ರೈಲು ಇದೆ. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಶುರುವಾದದ್ದು. ಶುರುವಿನಲ್ಲಿ ಯಾತ್ರಿಕರಿಗೆ ಸರ್ಕಾರ ಐದು ಸಾವಿರದ ಸಹಾಯಧನ ಕೊಟ್ಟಿತು. ಅದರಲ್ಲಿ ಊಟ, ವಸತಿ, ದರ್ಶನ ಎಲ್ಲ ಅವರದೇ. ನಿಮ್ಮ ಇಷ್ಟದಂತೆ ಗಂಗೆಯ ದಡದಲ್ಲಿ ಇನ್ನೊಂದು ದಿನ ಕೂರುತ್ತೇನೆ ಅನ್ನುವ ಹಾಗಿಲ್ಲ, ಅಷ್ಟೇ.

ಇನ್ನು ಉಳಿದದ್ದು ವಾಪಸ್ ಟಿಕೆಟ್. ಹೋಗುವ ಟಿಕೆಟ್ಟನ್ನು ಎಂಟು ಗಂಟೆಗೆ ಎದ್ದು ಕೂತು ಗಿಟ್ಟಿಸಿದ ಸಂಭ್ರಮದಲ್ಲಿ ಬರುವುದನ್ನು ಮರೆಯುವವರೇ ಹೆಚ್ಚು. ನೀವು ಹತ್ತು ದಿನ ಬಿಟ್ಟು ಬರುವವರಾದರೆ ಆ ಟಿಕೆಟ್ ತೆರೆಯುವುದೂ ಹತ್ತು ದಿನ ಬಿಟ್ಟೇ. ಎರಡನ್ನೂ ಒಂದೇ ದಿನ ಮಾಡಲಾಗದು. ಹೋಗುವ ಟಿಕೆಟ್ ಆದ ಕೂಡಲೇ ವಾಪಸ್ಸಿನ ಬುಕಿಂಗ್ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ದೆಹಲಿಯಿಂದ ಬರುವ ಕರ್ನಾಟಕ ಎಕ್ಸ್‌ಪ್ರೆಸ್ಸಿನ ನಂಬರ್ 12628. ಕಲಬುರಗಿ, ರಾಯಚೂರಿನಲ್ಲಿ ಇಳಿಯುವವರು ಗಾಡಿ ಅಲ್ಲಿಗೆ ಎಷ್ಟು ಹೊತ್ತಿಗೆ ಬರುತ್ತದೆ ಅಂತ ವೇಳಾಪಟ್ಟಿ ನೋಡಿಕೊಂಡು, ಕರೆದೊಯ್ಯಲು ಬರುವವರಿಗೆ ತಾರೀಕನ್ನು ಬಿಡಿಸಿ ಹೇಳಿ. ಉತ್ತರದ ಮಂಜಿನ ತಿಂಗಳಾದರೆ, ಗಾಡಿ ದೆಹಲಿ ಬಿಟ್ಟ ಮೇಲೆ ಇನ್ನೊಮ್ಮೆ ಫೋನ್ ಮಾಡಿ.